ಲೂರ್ಡ್ಸ್ ಬಿಟ್ಟ ಸೀಟು

೧೯೫೭ರ ಜುಲೈ ಮೊದಲ ವಾರದಲ್ಲಿ ಮಂಗಳೂರಿನ ಅತ್ತಾವರದ ಅಲ್ಫೋನ್ಸ್ ಮಾಷ್ಟ್ರ ಮನೆಗೆ ಮೂರು ಕಾಗದಗಳು ಬಂದವು. ಮೂರೂ ಅವರ ಮಗಳು ಲೂರ್ಡ್ಸ್‌ಳ ಹೆಸರಿಗೆ. ಮೊದಲನೆಯದು ಜಿಲ್ಲೆಯಲ್ಲಿ ನಾಲ್ಕು ವರ್ಷದ ಹಿಂದೆ ಶುರುವಾಗಿದ್ದ ಹೊಸ ಮೆಡಿಕಲ್ ಕಾಲೇಜಿನದು. ಸೀಟು ಕೊಟ್ಟಿದ್ದೇವೆ, ಹದಿನೈದನೇ ತಾರೀಕು ಸಂಜೆಯ ಒಳಗೆ ಒಪ್ಪಿಗೆ ತಿಳಿಸಿ ಎಂದು ಅದರಲ್ಲಿತ್ತು. ಉಳಿದ ಎರಡು ಮದ್ರಾಸಿನಿಂದ ಬಂದಿದ್ದವು. ಅಲ್ಲಿನ ಒಂದು ಕಾಲೇಜಿನ ವೈಟಿಂಗ್ ಲಿಸ್ಟಿನಲ್ಲಿ ಅವಳ ಹೆಸರು ಹನ್ನೊಂದನೆಯದು. ಇನ್ನೊಂದರಲ್ಲಿ, ಅವಳು ಎರಡು ವರ್ಷದಿಂದ ಮನಸ್ಸಿಟ್ಟಿದ್ದ ಹಳೆಯ ಕಾಲೇಜಿನಲ್ಲಿ, ಮೂರನೆಯದು.

ಅಲ್ಫೋನ್ಸ್ ಮಾಷ್ಟ್ರು ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಡುವವರು. ಮದ್ರಾಸಿನ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿ ಕನ್ನಡಕ ತೆಗೆದರು.

"ಹೊರರಾಜ್ಯದವರಿಗೆ ಇಟ್ಟ ಸೀಟು ಅಂತೆ. ಕಳೆದ ವರ್ಷದ ಅಕ್ಟೋಬರಿನ ತನಕ ನಾವು ಮದ್ರಾಸಿನವರೇ. ನವೆಂಬರಿನಲ್ಲಿ ಜಿಲ್ಲೆ ಮೈಸೂರಿಗೆ ಸೇರಿತು, ಈಗ ನಾವು ಹೊರಗಿನವರು. ನಾವು ಕೂತಲ್ಲೇ ಇದ್ದೇವೆ, ಗಡಿ ಎದ್ದು ಹೋಯಿತು."

"ಮೂರನೆಯದು ಅಂದ್ರೆ ಸಿಗ್ತದಾ ಪಪ್ಪಾ?"

"ಹೋದ ವರ್ಷ ಲಿಸ್ಟು ಐದರ ತನಕ ಇಳಿದಿತ್ತಂತೆ. ಆದ್ರೆ ಹೋದ ವರ್ಷ ಈ ಹೊರಗಿನವರ ಲಿಸ್ಟೇ ಬೇರೆ ಇತ್ತು. ಆ ಲೆಕ್ಕ ಇದಕ್ಕೆ ಹಿಡಿಯುವುದಿಲ್ಲ."

ತಾಯಿ ಎಸ್ತೆರ್ ಸರಕಾರಿ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಗೆ ಹೊರಟವಳು ತಲೆಗೂದಲಿಗೆ ಪಿನ್ನು ಚುಚ್ಚಿಕೊಳ್ಳುತ್ತಾ ಒಂದೇ ಮಾತು ಹೇಳಿದಳು. "ಕೊಟ್ಟವರ ಹತ್ತಿರ ಹೂಂ ಅನ್ನು ಬಾಯೆ. ಕೊಡ್ತೇವೋ ಇಲ್ವೋ ಅನ್ನುವವರ ಬಾಗಿಲಲ್ಲಿ ಎಷ್ಟು ದಿನ ನಿಲ್ತಿ?"

ಮದ್ರಾಸು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಹೇಳಲಿಕ್ಕೆ ಲೂರ್ಡ್ಸ್‌ಳ ಹತ್ತಿರ ಒಳ್ಳೆಯ ಕಾರಣಗಳಿದ್ದವು. ನೂರು ವರ್ಷದ ಕಾಲೇಜು, ದೊಡ್ಡ ಆಸ್ಪತ್ರೆ, ಹೆಸರುವಾಸಿ ಪ್ರೊಫೆಸರುಗಳು. ಇಲ್ಲಿಯದು ನಿನ್ನೆ ಮೊನ್ನೆಯದು. ಮೊದಲ ಪಾಠಗಳು ಉಡುಪಿಯ ಆಚೆ ಬೋಳು ಗುಡ್ಡದ ಮೇಲೆ, ಆಮೇಲೆ ಆಸ್ಪತ್ರೆಯ ಕಲಿಕೆಗೆ ತಿರುಗಿ ಮಂಗಳೂರಿಗೇ ಬರಬೇಕು. ಆದರೆ ನಿಜವಾದ ಕಾರಣ ಇನ್ನೊಂದಿತ್ತು. ಹತ್ತೊಂಬತ್ತು ವರ್ಷದ ಲೂರ್ಡ್ಸ್ ಕಾಸರಗೋಡಿನಿಂದ ಆಚೆ ಹೋದವಳಲ್ಲ. ಇಲ್ಲಿ ಓದಿದರೆ ವಾರ್ಡಿನಲ್ಲೂ ಅವಳು ಎಸ್ತೆರ್ ನರ್ಸಿನ ಮಗಳು, ರಸ್ತೆಯಲ್ಲೂ ಮಾಷ್ಟ್ರ ಮಗಳು. ತನ್ನನ್ನು ಯಾರೂ ಗುರುತಿಸದ ಒಂದು ಊರಿನಲ್ಲಿ, ಸಾಯಂಕಾಲ ಪುಸ್ತಕ ಹಿಡಿದು ಒಬ್ಬಳೇ ಟ್ರ್ಯಾಮ್ ಇದ್ದ ಬೀದಿ ದಾಟುವುದನ್ನು ಅವಳು ಎಷ್ಟೋ ಸಲ ಮನಸ್ಸಿನಲ್ಲೇ ಕಂಡಿದ್ದಳು. ಅಲ್ಲಿ ಈಗ ಟ್ರ್ಯಾಮ್ ಓಡುವುದಿಲ್ಲ ಎಂದು ಯಾರೋ ಹೇಳಿದ ಮೇಲೂ ಆ ಚಿತ್ರ ಹೋಗಿರಲಿಲ್ಲ.

ಹತ್ತನೇ ತಾರೀಕು ಸಾಯಂಕಾಲ ಒಬ್ಬ ತೆಳ್ಳಗಿನ ಹುಡುಗ ಕೊಡೆ ಮಡಚಿ ಮೆಟ್ಟಲ ಕೆಳಗೇ ನಿಂತು ಮಾಷ್ಟ್ರಿದ್ದಾರಾ ಎಂದು ಕೇಳಿದ. ಲೂರ್ಡ್ಸ್‌ಗೆ ಅವನ ಗುರುತು ಹತ್ತಿತು. ಹೊಸ ಕಾಲೇಜಿನ ಇಂಟರ್‌ವ್ಯೂ ದಿನ ಅವಳು ಕೂತಿದ್ದ ಬೆಂಚಿನ ತುದಿಯಲ್ಲಿ ಕೂತಿದ್ದವನು. ಮದ್ರಾಸಿಗೂ ಅರ್ಜಿ ಹಾಕಿದ್ದೇನೆ ಎಂದು ಅವಳು ಆಗ ಅವನಿಗೆ ಹೇಳಿದ್ದಳು. ಬೋಳಾರದವನು, ಹೆಸರು ಸುಂದರ. ತಂದೆ ಪೂವಪ್ಪ ನದಿ ಬದಿಯ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿಗೆ ಬೆಂಕಿ ಹಾಕುವ ಕೆಲಸದಲ್ಲಿದ್ದ.

"ಪಪ್ಪಾ ಶಾಲೆಯಿಂದ ಬರಲಿಲ್ಲ. ಒಳಗೆ ಬನ್ನಿ."

"ಬೇಡ, ಕಾಲು ಕೆಸರುಂಟು." ಅವನು ಅಲ್ಲೇ ನಿಂತ. ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಕಲಿತುಕೊಂಡು ಬಂದವನ ಹಾಗಿತ್ತು. "ಮಾಷ್ಟ್ರ ಹತ್ತಿರ ಕೇಳುವ ಅಂತ ಬಂದದ್ದು. ನಿಮ್ಮ ಹತ್ತಿರವೇ ಕೇಳ್ತೇನೆ. ಕಾಲೇಜಿನ ಬೋರ್ಡಿನಲ್ಲಿ ವೈಟಿಂಗ್ ಲಿಸ್ಟು ಹಾಕಿದ್ದಾರೆ. ಮೊದಲ ಹೆಸರು ನನ್ನದು. ಸೀಟು ಸಿಕ್ಕಿದವರೆಲ್ಲ ಹೂಂ ಅಂದಿದ್ದಾರೆ. ಹೇಳದೆ ಉಳಿದವರು ನೀವೊಬ್ಬರೇ ಅಂತೆ."

ಲೂರ್ಡ್ಸ್ ಒಳಗೆ ಮೇಜಿನ ಮೇಲಿದ್ದ ಕಾಗದಗಳ ಕಡೆ ತಿರುಗಿ ನೋಡಿದಳು.

"ನಿಮ್ಮ ಸೀಟು ಬಿಡಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ. ಅದು ನಿಮ್ಮದು. ನೀವು ಮದ್ರಾಸಿಗೆ ಹೋಗುವುದೇ ಆದ್ರೆ, ಹದಿನೈದರ ಸಂಜೆ ತನಕ ಕಾಯದೆ ಸ್ವಲ್ಪ ಮುಂಚೆ ತಿಳಿಸಿದ್ರೆ ನನಗೆ ಉಪಕಾರ ಆಗ್ತದೆ. ಒಂದು ಬ್ಯಾಂಕಿನಲ್ಲಿ ಗುಮಾಸ್ತನ ಕೆಲಸ ಸಿಕ್ಕಿದೆ, ಬೆಳಗಾವಿಯಲ್ಲಿ. ಹದಿನೈದಕ್ಕೆ ಬೆಳಿಗ್ಗೆ ಅಲ್ಲಿ ಹಾಜರಾಗಬೇಕು. ಹದಿನಾಲ್ಕಕ್ಕೆ ಬಸ್ಸು ಹತ್ತಿಯಾದ ಮೇಲೆ ಇಲ್ಲಿ ಸೀಟು ಉಂಟು ಅಂದ್ರೂ ನನಗೆ ಗೊತ್ತಾಗುವುದಿಲ್ಲ."

"ಬರುವ ವರ್ಷ ಪುನಃ ಅರ್ಜಿ ಹಾಕಬಹುದಲ್ಲ?"

"ಕಾರ್ಖಾನೆಯ ಧನಿಗಳು ಓದಿಸ್ತೇನೆ ಅಂದದ್ದು ಈ ವರ್ಷ. ಬರುವ ವರ್ಷ ಅವರ ಮನಸ್ಸು ಹೇಗಿರ್ತದೋ." ಅವನು ಕೊಡೆ ಬಿಡಿಸಿದ. "ನಾನು ಬಂದದ್ದಕ್ಕೆ ಬೇಜಾರು ಮಾಡಬೇಡಿ."

ಅವನು ಗೇಟು ದಾಟುವ ತನಕ ಲೂರ್ಡ್ಸ್ ಬಾಗಿಲಲ್ಲೇ ಇದ್ದಳು. ಅಲ್ಲಿಯ ತನಕ ಅವಳು ತಾನು ಕಾಯುವವಳು ಎಂದಷ್ಟೇ ತಿಳಿದಿದ್ದಳು. ತನ್ನನ್ನೂ ಒಬ್ಬರು ಕಾಯುತ್ತಿದ್ದಾರೆ ಎನ್ನುವುದು ಹೊಳೆದೇ ಇರಲಿಲ್ಲ.

ಮರುದಿನ ಅವಳು ತಾಯಿಯ ಆಸ್ಪತ್ರೆಗೆ ಹೋಗಿ ಡಾಕ್ಟರ್ ವೆರೋನಿಕಾರನ್ನು ಕಂಡಳು. ಮದ್ರಾಸಿನ ಆ ಕಾಲೇಜಿನಲ್ಲೇ ಓದಿ ಬಂದು ಇಪ್ಪತ್ತು ವರ್ಷದಿಂದ ಇಲ್ಲಿ ಹೆರಿಗೆ ಮಾಡಿಸುತ್ತಿದ್ದವರು ಅವರು. ಬೆಳಗಿನ ರೌಂಡ್ಸ್ ಮುಗಿಸಿ ಚಹಾ ಕುಡಿಯುತ್ತಿದ್ದರು. ಲೂರ್ಡ್ಸ್ ಎಲ್ಲ ಹೇಳಿದಳು. ಸುಂದರನ ಸಂಗತಿಯನ್ನು ಮಾತ್ರ ಹೇಳಲಿಲ್ಲ.

"ನಾನು ಕಲಿತದ್ದು ಹೆಚ್ಚು ಈ ವಾರ್ಡಿನಲ್ಲೇ," ಎಂದರು ಡಾಕ್ಟರು. "ಮನುಷ್ಯರ ದೇಹ ಮದ್ರಾಸಿನಲ್ಲಿ ಬೇರೆ, ಇಲ್ಲಿ ಬೇರೆ ಅಂತ ಇಲ್ಲ. ಎಲ್ಲಿ ಓದಿದ್ರೂ ಒಂದೇ ಅಂತ ನಾನು ಹೇಳಬಹುದು. ಆದ್ರೆ ನಾನು ಹೋಗಿ ಬಂದವಳು. ಹೋಗಿ ಬಂದವರಿಗೆ ಹಾಗೆ ಹೇಳುವುದು ಸುಲಭ." ಅವರು ಕಪ್ಪು ಕೆಳಗಿಟ್ಟರು. "ಒಂದು ಕೇಳ್ತೇನೆ. ಅಲ್ಲಿ ಸಿಗದೆ ಹೋದ್ರೆ ಒಂದು ವರ್ಷ ಸುಮ್ಮನೆ ಕೂತುಕೊಳ್ಳಲಿಕ್ಕೆ ನಿನ್ನಿಂದ ಆಗ್ತದಾ? ಆಗ್ತದೆ ಅಂತಾದ್ರೆ ಕಾಯಿ."

ಆಗುತ್ತದೆ ಎಂದಳು ಲೂರ್ಡ್ಸ್. ಒಂದು ವರ್ಷ ಎಂದರೆ ಎಷ್ಟು ಉದ್ದ ಎಂದು ಅವಳಿಗೆ ಆಗ ಗೊತ್ತಿರಲಿಲ್ಲ.

ಮನೆಯಲ್ಲಿ ಎರಡು ದಿನ ಅದೇ ಚರ್ಚೆ. ಎಸ್ತೆರ್ ತನ್ನ ಮಾತಿನಿಂದ ಕದಲಲಿಲ್ಲ. ಮಾಷ್ಟ್ರು ಹೌದು ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಹದಿಮೂರರ ಬೆಳಿಗ್ಗೆ ಲೂರ್ಡ್ಸ್ ಒಂದು ಹಾಳೆ ತೆಗೆದುಕೊಂಡು, ತನಗೆ ಕೊಟ್ಟ ಸೀಟು ಬೇಡ ಎಂದು ಬರೆದಳು. ಮದ್ರಾಸಿನ ಆಸೆಯಿಂದಲೇ ಬರೆದದ್ದು. ರುಜು ಹಾಕಿದ ಮೇಲೆ ಸುಂದರನ ನೆನಪಾಗಿ, ಹೇಗೂ ಬಿಡುವುದಾದರೆ ಇವತ್ತೇ ತಲುಪಲಿ ಎನಿಸಿತು. ಅಂಚೆಗೆ ಹಾಕಿದರೆ ತಡವಾದೀತು ಎಂದು ಮಾಷ್ಟ್ರು ಶಾಲೆಗೆ ರಜೆ ಹಾಕಿ, ಬಸ್ಸಿನಲ್ಲಿ ಹೋಗಿ ಕಾಲೇಜಿನ ಆಫೀಸಿನಲ್ಲಿ ಕೈಯಾರೆ ಕೊಟ್ಟು ಬಂದರು. ಮರುದಿನ ಬೆಳಿಗ್ಗೆ ಬೋಳಾರಕ್ಕೆ ತಂತಿ ಬಂತು. ಬೆಳಗಾವಿಗೆಂದು ಕಟ್ಟಿಟ್ಟ ಟ್ರಂಕನ್ನು ಸುಂದರ ಬಿಚ್ಚಿದ.

ಆ ಭಾನುವಾರ ಇಗರ್ಜಿಯಲ್ಲಿ ಪೂಜೆ ಮುಗಿಸಿ ಮನೆಗೆ ಬಂದರೆ ಪೂವಪ್ಪ, ಅವನ ಹೆಂಡತಿ ದೇಯಿ ಇಬ್ಬರೂ ಜಗಲಿಯ ಹತ್ತಿರ ಕಾಯುತ್ತಿದ್ದರು. ಪೂವಪ್ಪನ ಕಂಕುಳಲ್ಲಿ ಕಾಲು ಕಟ್ಟಿದ ಒಂದು ಕೆಂಪು ಹುಂಜ. ದೇಯಿಯ ಬುಟ್ಟಿಯಲ್ಲಿ ಬಸಳೆ, ಮುಳ್ಳುಸೌತೆ. ದೇಯಿ ನೇರ ಬಂದು ಲೂರ್ಡ್ಸ್‌ಳ ಎರಡೂ ಕೈ ಹಿಡಿದುಕೊಂಡು ತುಳುವಿನಲ್ಲಿ ಹೇಳಿದಳು:

"ಬಾಯಮ್ಮ, ಒಡಹುಟ್ಟಿದವರೂ ಹೀಗೆ ಬಿಟ್ಟುಕೊಡುವುದಿಲ್ಲ. ನನ್ನ ಮಗ ಬಂದು ಕೇಳಿದ ಅಂತ ನಿಮ್ಮ ಸೀಟನ್ನೇ ಕೊಟ್ಟಿರಲ್ಲ."

"ಹಾಗಲ್ಲ, ನನಗೆ ಮದ್ರಾಸಿನಲ್ಲಿ..." ಎಂದು ಲೂರ್ಡ್ಸ್ ಶುರು ಮಾಡಿದಳು. ದೇಯಿ ಅಳುತ್ತಿದ್ದಳು. ಪೂವಪ್ಪ ಹುಂಜವನ್ನು ಮಾಷ್ಟ್ರ ಕೈಗೆ ಕೊಡಲಿಕ್ಕೆ ನೋಡುತ್ತಿದ್ದ, ಮಾಷ್ಟ್ರಿಗೆ ಅದನ್ನು ಹಿಡಿಯುವುದು ಹೇಗೆಂದು ಗೊತ್ತಾಗುತ್ತಿರಲಿಲ್ಲ. ಎಸ್ತೆರ್ ಚಹಾ ಮಾಡಲು ಒಳಗೆ ಹೋದಳು. ಹೇಳಬೇಕಾದ ಮಾತು ಹಾಗೇ ಉಳಿಯಿತು. ಇನ್ನು ಹತ್ತು ಹದಿನೈದು ದಿನದಲ್ಲಿ ಮದ್ರಾಸಿನ ರೈಲು ಹತ್ತುವವಳಿಗೆ ಅದು ದೊಡ್ಡ ಸಂಗತಿ ಅನ್ನಿಸಲೂ ಇಲ್ಲ.

ಜುಲೈ ಮುಗಿಯಿತು. ಆಗಸ್ಟ್ ಒಂಬತ್ತಕ್ಕೆ ಮದ್ರಾಸಿನಿಂದ ಕಾಗದ ಬಂತು. ಎರಡನೆಯ ಹೆಸರಿನವರಿಗೆ ಸೀಟು ಕೊಟ್ಟು ಲಿಸ್ಟು ಮುಚ್ಚಿದ್ದರು. ಹನ್ನೊಂದನೆಯವಳಾಗಿದ್ದ ಕಾಲೇಜಿನಿಂದ ಕಾಗದವೇ ಬರಲಿಲ್ಲ.

ಲೂರ್ಡ್ಸ್ ಆ ದಿನ ಯಾರ ಎದುರೂ ಅಳಲಿಲ್ಲ. ಊಟ ಮಾಡಿದಳು, ಪಾತ್ರೆ ತೊಳೆದಳು. ಎಸ್ತೆರ್ ನಾನು ಹೇಳಿರಲಿಲ್ಲವಾ ಎನ್ನಬಹುದೆಂದು ಕಾದಳು. ಎಸ್ತೆರ್ ಅನ್ನಲಿಲ್ಲ. ಮಗಳ ಹಾಸಿಗೆಯ ಬದಿಯಲ್ಲಿ ಸ್ವಲ್ಪ ಹೊತ್ತು ಕೂತು ಎದ್ದು ಹೋದಳು. ಅದು ಮಾತಿಗಿಂತ ಕಷ್ಟವಾಯಿತು.

ಆದರೆ ಅದಕ್ಕಿಂತಲೂ ಕಷ್ಟವಾದದ್ದು ಬೇರೆ. ದೇಯಿ ಬೋಳಾರದ ತುಂಬ ಹೇಳಿದ್ದ ಕಥೆ ಅಷ್ಟರಲ್ಲಿ ಅತ್ತಾವರಕ್ಕೂ ಬಂದು ತಲುಪಿತ್ತು. ಬಡವರ ಹುಡುಗನಿಗಾಗಿ ಮಾಷ್ಟ್ರ ಮಗಳು ಡಾಕ್ಟರ್ ಸೀಟು ಬಿಟ್ಟುಕೊಟ್ಟಳಂತೆ. ಇಗರ್ಜಿಯ ಅಂಗಳದಲ್ಲಿ ಹೆಂಗಸರು ಅವಳ ಗಲ್ಲ ಮುಟ್ಟಿ ಹೋಗುತ್ತಿದ್ದರು. ಪಾದ್ರಿಗಳು ಒಂದು ಭಾನುವಾರ ಪ್ರಸಂಗದಲ್ಲಿ, ಹೆಸರು ಹೇಳದೆ, ನಮ್ಮ ನಡುವಿನ ಒಬ್ಬ ಹುಡುಗಿ ಎಂದರು. ತಿರುಗಿ ನೋಡಿದವರೆಲ್ಲ ಅವಳನ್ನೇ ನೋಡಿದರು. ಮಾಷ್ಟ್ರು ತಲೆ ತಗ್ಗಿಸಿ ಕೂತಿದ್ದರು. ಆ ಮುಖದಲ್ಲಿ ನಾಚಿಕೆ ಇತ್ತು, ಜೊತೆಗೆ ಒಂದು ಸಮಾಧಾನವೂ ಇದ್ದುದು ಲೂರ್ಡ್ಸ್‌ಗೆ ಕಂಡಿತು. ಮಗಳಿಗೆ ಲೆಕ್ಕ ತಪ್ಪಿತು ಎನ್ನುವುದಕ್ಕಿಂತ ಮಗಳು ತ್ಯಾಗ ಮಾಡಿದಳು ಎನ್ನುವುದು ಅವರಿಗೂ ಹಿತವಾಗಿತ್ತು. ಹಾಗಾಗಿ ಅವಳಿಗೆ ಬಾಯಿ ಬಿಡಲು ಇನ್ನಷ್ಟು ಕಷ್ಟವಾಯಿತು.

ಆ ವರ್ಷ ಅವಳು ಉರ್ವದ ಒಂದು ಶಾಲೆಯಲ್ಲಿ, ಹೆರಿಗೆ ರಜೆಗೆ ಹೋದ ಟೀಚರಮ್ಮನ ಬದಲಿಗೆ ಮೂರನೇ ಕ್ಲಾಸಿಗೆ ಪಾಠ ಮಾಡಿದಳು. ಬೆಳಿಗ್ಗೆ ಹಂಪನಕಟ್ಟೆಗೆ ನಡೆದು ಅಲ್ಲಿಂದ ಬಸ್ಸು. ಮಕ್ಕಳು ಅವಳಿಗೆ ಇಷ್ಟವಾಗಲಿಲ್ಲ ಎಂದಲ್ಲ. ಆದರೆ ಟೀಚರ್ ಎಂದು ಕರೆದಾಗಲೆಲ್ಲ ತನ್ನನ್ನಲ್ಲ, ಆ ರಜೆಯಲ್ಲಿರುವವಳನ್ನು ಕರೆಯುತ್ತಿದ್ದಾರೆ ಎಂದೇ ಅವಳಿಗೆ ಅನಿಸುತ್ತಿತ್ತು.

ಕ್ರಿಸ್ಮಸ್ ರಜೆಗೆ ಎರಡು ದಿನ ಇರುವಾಗ, ಉರ್ವದಿಂದ ಹಿಂದಿರುಗುವ ಬಸ್ಸಿನಲ್ಲಿ, ಕಾಲೇಜಿನಿಂದ ರಜೆಗೆ ಮನೆಗೆ ಹೊರಟಿದ್ದ ಸುಂದರ ಸಿಕ್ಕಿದ. ಮೊದಲೇ ತೆಳ್ಳಗಿದ್ದವನು ಇನ್ನೂ ಬಡವಾಗಿದ್ದ. ಅವಳನ್ನು ಕಂಡು ಎದ್ದು ನಿಂತ. ಬಸ್ಸು ಖಾಲಿ ಇದ್ದರೂ ಕೂರಲಿಲ್ಲ.

"ಓದು ಹೇಗುಂಟು?"

"ಉಂಟು," ಎಂದ. "ಅನಾಟಮಿಯ ಒಂದು ಟೆಸ್ಟಿನಲ್ಲಿ ಫೇಲಾದೆ. ಓದದೆ ಅಲ್ಲ. ಟೇಬಲ್ಲಿನ ಎದುರು ನಿಂತ ಕೂಡಲೇ ಇದು ನಿಮ್ಮ ಜಾಗ, ನಾನು ಹಾಳು ಮಾಡ್ತಾ ಇದ್ದೇನೆ ಅಂತ ತಲೆಗೆ ಬರ್ತದೆ. ಮತ್ತೆ ಕೈ ಓಡುವುದಿಲ್ಲ. ಮನೆಗೆ ಬಂದ್ರೆ ಅಮ್ಮ ದಿನಾ ನಿಮ್ಮ ಹೆಸರು ಹೇಳ್ತಾರೆ."

ಹಂಪನಕಟ್ಟೆಯಲ್ಲಿ ಇಬ್ಬರೂ ಇಳಿದರು. ಲೂರ್ಡ್ಸ್ ನಡೆಯಲಿಲ್ಲ. ಸ್ಟ್ಯಾಂಡಿನ ಒಂದು ಬದಿಗೆ ಸರಿದು ನಿಂತಳು.

"ಸುಂದರ್, ಒಂದು ಹೇಳ್ಲಿಕ್ಕುಂಟು. ಐದು ತಿಂಗಳ ಹಿಂದೆಯೇ ಹೇಳಬೇಕಿತ್ತು. ನಾನು ಆ ಸೀಟು ನಿಮಗೋಸ್ಕರ ಬಿಟ್ಟದ್ದಲ್ಲ. ನನಗೆ ಮದ್ರಾಸು ಬೇಕಿತ್ತು. ಅದು ಸಿಗ್ತದೆ ಅಂತ ನಂಬಿ ಬಿಟ್ಟೆ. ಸಿಗಲಿಲ್ಲ. ಅಷ್ಟೇ."

ಅವನು ಅವಳ ಮುಖ ನೋಡಿದ. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೋ ಎಂದು ಹುಡುಕುವ ಹಾಗೆ.

"ನಿಜವಾಗಿ?"

"ನಿಜವಾಗಿ. ನೀವು ಬಾರದೆ ಇದ್ರೂ ಬಿಡ್ತಿದ್ದೆ. ಹದಿನೈದಕ್ಕೆ ಬಿಡ್ತಿದ್ದೆ. ನೀವು ಬಂದ ಕಾರಣ ಹದಿಮೂರಕ್ಕೆ ಬಿಟ್ಟೆ. ನಿಮಗೋಸ್ಕರ ಮಾಡಿದ್ದು ಆ ಎರಡು ದಿನ ಮಾತ್ರ."

ಸುಂದರನಿಗೆ ನೋವಾಯಿತೇನೋ ಎಂದುಕೊಂಡಳು. ಅವನು ಕೈಯಲ್ಲಿದ್ದ ಚೀಲವನ್ನು ನೆಲಕ್ಕಿಟ್ಟು ಉಸಿರು ಬಿಟ್ಟ. ಹೊರೆ ಇಳಿಸಿದ ಕೂಲಿಯವರು ಬಿಡುವಂಥ ಉಸಿರು.

"ಹದಿನೈದಕ್ಕೆ ಬಿಟ್ಟಿದ್ರೆ ನಾನೀಗ ಬೆಳಗಾವಿಯಲ್ಲಿ ಇರ್ತಿದ್ದೆ," ಎಂದ. "ಎರಡು ದಿನ ಸಾಕು. ಅಷ್ಟಾದ್ರೆ ನನ್ನಿಂದ ಹೊತ್ತುಕೊಳ್ಳಲಿಕ್ಕೆ ಆಗ್ತದೆ." ಚೀಲ ಎತ್ತಿಕೊಂಡ. "ಅಮ್ಮನಿಗೆ ಮಾತ್ರ ಈಗ ಹೇಳುವುದು ಬೇಡ. ಅವರು ಬೀಡಿ ಕಟ್ಟಿ ಕೊಡುವ ಬ್ರಾಂಚಿನಲ್ಲಿ, ರೇಶನ್ ಅಂಗಡಿಯಲ್ಲಿ, ಎಲ್ಲ ಕಡೆ ಹೇಳಿಯಾಯಿತು."

ಆ ದಿನ ಲೂರ್ಡ್ಸ್ ಮನೆಗೆ ಹೋಗಿ ತಂದೆಗೂ ಅದೇ ಮಾತು ಹೇಳಿದಳು. ಇನ್ನು ಯಾರಾದರೂ ಹೊಗಳಿದರೆ ಹಾಗಲ್ಲ ಎಂದು ಹೇಳಿಬಿಡಿ ಎಂದಳು. ಮಾಷ್ಟ್ರು ಒಪ್ಪಿದರು. ಹೇಳಿದರೂ ಕೂಡ. ಹೇಳಿದಷ್ಟೂ ಜನ, ಎಂಥ ವಿನಯ ನೋಡಿ ಮಾರಾಯ್ರೆ, ಎಂದರು.

ಮುಂದಿನ ವರ್ಷ ಅವಳು ಎರಡೂ ಕಡೆ ಪುನಃ ಅರ್ಜಿ ಹಾಕಿದಳು. ಪುನಃ ಹಾಗೆಯೇ ಆಯಿತು. ಇಲ್ಲಿ ಸೀಟು, ಅಲ್ಲಿ ವೈಟಿಂಗ್ ಲಿಸ್ಟು, ಈ ಸಲ ಐದನೆಯ ಹೆಸರು. ಈ ಸಲ ಮನೆಯಲ್ಲಿ ಯಾರೂ ಚರ್ಚೆ ಮಾಡಲಿಲ್ಲ. ಅವಳು ಕಾಗದ ಬಂದ ದಿನವೇ ಒಪ್ಪಿಗೆ ಬರೆದು, ಜುಲೈಯಲ್ಲಿ ಟ್ರಂಕು ಹಿಡಿದು ಗುಡ್ಡದ ಮೇಲಿನ ಹಾಸ್ಟೆಲಿಗೆ ಹೋದಳು.

ಆಗಸ್ಟ್ ಕೊನೆಗೆ, ಸೇರಿ ಏಳನೇ ವಾರದಲ್ಲಿ, ತಂದೆಯ ಅಕ್ಷರದ ಲಕೋಟೆಯೊಳಗೆ ಇನ್ನೊಂದು ಲಕೋಟೆ ಬಂತು. ಮದ್ರಾಸಿನದು. ಹೊರಗಿನವರ ಲಿಸ್ಟು ಐದಕ್ಕೆ ಇಳಿದಿತ್ತು. ಹತ್ತು ದಿನದಲ್ಲಿ ಬಂದು ಸೇರಬಹುದು. ಮಾಷ್ಟ್ರು ಒಂದು ಸಾಲು ಬರೆದಿದ್ದರು: ನಿನಗೆ ಸರಿ ಕಂಡದ್ದು ಮಾಡು, ರೈಲಿನ ಸಮಯ ನೋಡಿಟ್ಟಿದ್ದೇನೆ.

ಅವಳು ಆ ಕಾಗದವನ್ನು ಎರಡು ದಿನ ದಿಂಬಿನ ಕೆಳಗೆ ಇಟ್ಟುಕೊಂಡಳು. ಆಸೆ ಹೋಗಿರಲಿಲ್ಲ. ಆ ಬೀದಿ, ಆ ಗುರುತಿಲ್ಲದ ಮುಖಗಳು ಪುನಃ ಕಣ್ಣ ಮುಂದೆ ಬಂದವು. ಆದರೆ ಡಿಸೆಕ್ಷನ್ ಹಾಲಿನಲ್ಲಿ ಅವಳ ಟೇಬಲ್ಲಿನ ಮೇಲೆ ಒಂದು ತೋಳು ಅರ್ಧಕ್ಕೆ ನಿಂತಿತ್ತು. ಭುಜದಿಂದ ಮೊಣಕೈಯ ತನಕ ನರಗಳನ್ನು ಒಂದೊಂದಾಗಿ ಬಿಡಿಸಿ ನೋಡಿಯಾಗಿತ್ತು. ಮೊಣಕೈಯಿಂದ ಕೆಳಗೆ ಅವು ಎಲ್ಲಿಗೆ ಹೋಗುತ್ತವೆ ಎಂದು ನೋಡುವುದು ಬಾಕಿ ಇತ್ತು. ಮೂರನೇ ದಿನ ಬೆಳಿಗ್ಗೆ ಅವಳಿಗೆ ಮದ್ರಾಸಿಗಿಂತ ಅದು ಹತ್ತಿರದ ವಿಷಯ ಅನ್ನಿಸಿತು. ಕಾಯುವುದು ಸಾಕಾಗಿತ್ತು, ಪುನಃ ಮೊದಲಿಂದ ಶುರು ಮಾಡುವುದೂ ಬೇಡವಾಗಿತ್ತು. ಬರುವುದಿಲ್ಲ ಎಂದು ಬರೆದು, ತಾನೇ ನಡೆದುಕೊಂಡು ಹೋಗಿ ಅಂಚೆಗೆ ಹಾಕಿದಳು. ಆರನೆಯ ಹೆಸರು ಯಾರದ್ದೋ ಅವಳಿಗೆ ಗೊತ್ತಾಗಲಿಲ್ಲ. ಆ ಸೀಟಿಗಾಗಿ ಯಾರೂ ಹುಂಜ ಹಿಡಿದುಕೊಂಡು ಬರಲಿಲ್ಲ.

ಸುಂದರ ಒಂದು ವರ್ಷಕ್ಕೆ ಸೀನಿಯರು. ಮೊದಲ ದೊಡ್ಡ ಪರೀಕ್ಷೆ ಪಾಸಾದ ಮೇಲೆ ಅವನ ಅನಾಟಮಿಯ ಮೂಳೆಗಳ ಪೆಟ್ಟಿಗೆ, ಕೆಳಗೆ ಗೆರೆ ಎಳೆದ ಪುಸ್ತಕಗಳು ಲೂರ್ಡ್ಸ್‌ಗೆ ಬಂದವು. ಸೀನಿಯರಿಂದ ಜೂನಿಯರಿಗೆ ಹಾಗೆ ಹೋಗುವುದು ಅಲ್ಲಿನ ವಾಡಿಕೆ. ಅದರಲ್ಲಿ ಉಪಕಾರದ ಮಾತು ಬರಲಿಲ್ಲ. ಮುಂದೆ ಅವನು ಸರಕಾರಿ ಕೆಲಸ ಹಿಡಿದು ಘಟ್ಟದ ಮೇಲೆ ಹೋದ. ಲೂರ್ಡ್ಸ್ ಮಂಗಳೂರಿನ ಆಸ್ಪತ್ರೆಗಳಲ್ಲೇ ಕಲಿತು, ಎಸ್ತೆರ್ ನರ್ಸಿನ ಮಗಳು ಎಂದು ಕರೆಸಿಕೊಳ್ಳುತ್ತಲೇ ಡಾಕ್ಟರಾದಳು. ಡಾಕ್ಟರ್ ವೆರೋನಿಕಾರ ಕೈಕೆಳಗೆ ಎರಡು ವರ್ಷ ಹೆರಿಗೆ ಕೆಲಸ ಕಲಿತು, ೧೯೬೬ರಲ್ಲಿ ಬೋಳಾರದಲ್ಲಿ, ಮಂಗಳಾದೇವಿಗೆ ಹೋಗುವ ದಾರಿಯಲ್ಲಿ, ಎರಡು ಕೋಣೆಯ ಸಣ್ಣ ಶಾಪು ತೆರೆದಳು. ಡಾಕ್ಟರರ ಕ್ಲಿನಿಕ್ಕಿಗೆ ಊರಿನವರು ಶಾಪು ಎಂದೇ ಹೇಳುವುದು.

ದೇಯಿಗೆ ಆಗ ರಕ್ತದೊತ್ತಡ. ತಿಂಗಳಿಗೆ ಎರಡು ಸಲ ಬಂದು ಹೊರಗಿನ ಬೆಂಚಿನಲ್ಲಿ ಕೂತು, ಬದಿಯಲ್ಲಿ ಕೂತವರಿಗೆಲ್ಲ ಸೀಟಿನ ಕಥೆ ಹೇಳುತ್ತಿದ್ದಳು. ಪರದೆಯ ಈಚೆ ಲೂರ್ಡ್ಸ್‌ಗೆ ಎಲ್ಲ ಕೇಳುತ್ತಿತ್ತು. ಒಂದು ದಿನ ಬೇರೆ ಯಾರೂ ಇಲ್ಲದಾಗ, ದೇಯಿಯ ತೋಳಿನ ಪಟ್ಟಿ ಬಿಚ್ಚುತ್ತಾ ಅವಳು ಇದ್ದದ್ದನ್ನು ಇದ್ದ ಹಾಗೆ ತುಳುವಿನಲ್ಲಿ ಹೇಳಿದಳು. ಮದ್ರಾಸಿನ ಆಸೆ, ಮೂರನೆಯ ಹೆಸರು, ಎರಡು ದಿನ, ಎಲ್ಲ.

ದೇಯಿ ಗಮನವಿಟ್ಟು ಕೇಳಿದಳು. ರವಕೆಯ ತೋಳು ಸರಿ ಮಾಡಿಕೊಂಡಳು.

"ನಿಮಗೆ ಮದ್ರಾಸು ಬೇಕಿತ್ತು. ಸಿಕ್ಕಿತಾ?"

"ಆ ವರ್ಷ ಸಿಗಲಿಲ್ಲ."

"ಇಲ್ಲಿಯ ಸೀಟು ಯಾರಿಗೆ ಹೋಯಿತು?"

"ಸುಂದರನಿಗೆ."

"ನಾನು ಹೇಳುವುದೂ ಅದನ್ನೇ ಅಲ್ವಾ ಬಾಯಮ್ಮ. ನಿಮ್ಮ ಮನಸ್ಸಿನಲ್ಲಿ ಎಂತ ಇತ್ತು ಅಂತ ನನಗೆ ಹೇಗೆ ಗೊತ್ತಾಗ್ತದೆ? ನನ್ನ ಮನೆಗೆ ಬಂದದ್ದು ತಂತಿ. ಅದು ಹದಿನಾಲ್ಕಕ್ಕೆ ಬಂತು."

ಹದಿನೈದು ದಿನ ಬಿಟ್ಟು ದೇಯಿ ಪುನಃ ಬಂದಾಗ ಬೆಂಚಿನ ಮೇಲೆ ಬಸುರಿ ಹುಡುಗಿಯೊಬ್ಬಳು ಕೂತಿದ್ದಳು. ಕಥೆ ಶುರುವಾಯಿತು. ಈ ಸಲ ಅದರಲ್ಲಿ ಮದ್ರಾಸು ಕೂಡ ಸೇರಿತ್ತು, ಅಲ್ಲಿಯ ದೊಡ್ಡ ಕಾಲೇಜೂ ಇತ್ತು. ಇವರಿಗೆ ಹೋಗಲಿಕ್ಕೆ ಎಷ್ಟು ಆಸೆ ಇತ್ತು ಗೊತ್ತುಂಟಾ, ಹೋಗದೆ ನಮ್ಮೊಟ್ಟಿಗೇ ಉಳಿದರು, ಎನ್ನುತ್ತಿದ್ದಳು ದೇಯಿ. ಲೂರ್ಡ್ಸ್ ಪೆನ್ನು ಕೆಳಗಿಟ್ಟು ಸ್ವಲ್ಪ ಹೊತ್ತು ಕೇಳಿದಳು. ಇದು ಮೊದಲಿನದಕ್ಕಿಂತ ಸತ್ಯಕ್ಕೆ ಹತ್ತಿರ ಇತ್ತು. ಎದ್ದು ಪರದೆ ಸರಿಸಿ, ಬಸುರಿ ಹುಡುಗಿಯನ್ನು ಮೊದಲು ಒಳಗೆ ಕರೆದಳು.